ಲಾರಿಯ ಗೇರ್‌ಬಾಕ್ಸು: ವಿದ್ಯುದ್ದೋಷಗಳ ನಿದಾನ

ಎಂಜಿನ್ನಿನಲ್ಲಿ ಉತ್ಪನ್ನವಾದ ಶಕ್ತಿಯನ್ನು ಹೊರೆಗೂ ಏರಿಗೂ ವೇಗಕ್ಕೂ ತಕ್ಕ ಪ್ರಮಾಣದಲ್ಲಿ ಚಕ್ರಗಳಿಗೆ ತಲಪಿಸುವ ಗೇರ್‌ಬಾಕ್ಸು ಮೂಲತಃ ಹಲ್ಲುಚಕ್ರ, ದಂಡ, ಬೇರಿಂಗು, ಎಣ್ಣೆಗಳಿಂದ ಕೂಡಿದ ಯಂತ್ರವಾದರೂ, ಗೇರನ್ನು ಯಾವಾಗ ಬದಲಿಸಬೇಕೆಂಬ ನಿರ್ಣಯವೂ ಅದನ್ನು ಬದಲಿಸುವ ಕಾರ್ಯವೂ ಇಂದಿನ ಅನೇಕ ಭಾರವಾಹನಗಳಲ್ಲಿ ವಿದ್ಯುತ್ತಿನ ವಶವಾಗಿರುವುದರಿಂದ, ಗೇರು ಬೀಳದಿರುವುದು, ಬಿದ್ದ ಗೇರು ಬಿಡದಿರುವುದು, ಲಾರಿ ಒಂದೇ ಗೇರಿನಲ್ಲಿ ನಿಂತುಬಿಡುವುದು, ಗೇರು ಜಗ್ಗಿ ಬೀಳುವುದು ಮೊದಲಾದ ತೊಂದರೆಗಳ ಮೂಲವನ್ನು ಅರಸುವಾಗ ಹಲ್ಲುಚಕ್ರಗಳಿಗಿಂತ ಮುಂಚೆ ತಂತಿಗಳನ್ನು ಪರೀಕ್ಷಿಸುವುದು ಅವಶ್ಯವಾಗಿದೆ. ಬ್ಯಾಟರಿಯ ದೌರ್ಬಲ್ಯ, ಅರ್ಥ್ ತಂತಿಯ ಸಡಿಲಿಕೆ, ಕನೆಕ್ಟರಿನೊಳಗೆ ಸೇರಿದ ನೀರು, ಸವೆದ ವೈರಿಂಗು, ಕೆಟ್ಟ ಸೆನ್ಸರು ಇವುಗಳಲ್ಲಿ ಯಾವುದೊಂದಿದ್ದರೂ ಅದು ಹೊರಗೆ ಕಾಣಿಸಿಕೊಳ್ಳುವುದು ಗೇರ್‌ಬಾಕ್ಸಿನ ದೋಷದ ರೂಪದಲ್ಲಿಯೇ.

ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಿ ಮತ್ತೆ ಕೂರಿಸುವುದು ದಿನಗಟ್ಟಲೆ ಹಿಡಿಯುವ, ಬಹಳ ಹಣ ಬೇಡುವ ಕೆಲಸ. ವಿದ್ಯುತ್ತಿನ ಪರೀಕ್ಷೆಯಾದರೋ ಒಂದು ಮಲ್ಟಿಮೀಟರು ಮತ್ತು ಒಂದಿಷ್ಟು ತಾಳ್ಮೆಯಿಂದ ಸಾಧ್ಯವಾಗುವಂಥದು. ಆದುದರಿಂದ, ವಿದ್ಯುನ್ಮಂಡಲವು (ಸರ್ಕ್ಯೂಟು) ಕೆಲಸ ಮಾಡುತ್ತಿರುವಾಗಲೇ ಅದನ್ನು ಅಳೆಯಬೇಕು, ಅಳತೆ ಒಪ್ಪದ ಹೊರತು ಯಾವ ಭಾಗವನ್ನೂ ದೂಷಿಸಬಾರದು ಎಂಬುದು ಈ ನಿದಾನಶಾಸ್ತ್ರದ ಮೂಲತತ್ತ್ವವಾಗಿದೆ.

ಇತಿಹಾಸ

1939ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗಾಗಿ ಹೊರತಂದ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಗೇರು ತಾನಾಗಿಯೇ ಬದಲಾಗುತ್ತಿದ್ದರೂ ಅದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ವಾಹನದ ವೇಗ ಹೆಚ್ಚಿದಂತೆ ಎಣ್ಣೆಯ ಒತ್ತಡವನ್ನು ಹೆಚ್ಚಿಸುವ ಗವರ್ನರು ಒಂದು ಕಡೆಯಿಂದಲೂ, ಆಕ್ಸಿಲರೇಟರಿಗೆ ಜೋಡಿಸಿದ ಕವಾಟ ಇನ್ನೊಂದು ಕಡೆಯಿಂದಲೂ ಒತ್ತುತ್ತಿರಲು, ಅವುಗಳಲ್ಲಿ ಯಾವುದು ಮೇಲುಗೈಯಾಯಿತೆಂಬುದರ ಮೇಲೆ ಗೇರು ನಿರ್ಧಾರವಾಗುತ್ತಿತ್ತು. ಈ ದ್ರವಚಾಲಿತ ಪದ್ಧತಿ ಸುಮಾರು ಅರ್ಧ ಶತಮಾನ ಕಾಲ ಪ್ರಚಾರದಲ್ಲಿದ್ದು, ಎಂಜಿನ್ನಿನ ಹೊಗೆಯ ಮೇಲೂ ಇಂಧನದ ವೆಚ್ಚದ ಮೇಲೂ ನಿಯಂತ್ರಣಗಳು ಬಿಗಿಯಾದಂತೆ ಗಣಕಕ್ಕೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿತು. ಫೋರ್ಡ್ ಸಂಸ್ಥೆಯ ಇ4ಒಡಿ 1989ರಲ್ಲಿಯೂ, ಅಲಿಸನ್ ಸಂಸ್ಥೆಯ ವರ್ಲ್ಡ್ ಟ್ರಾನ್ಸ್‌ಮಿಷನ್ 1991ರಲ್ಲಿಯೂ, ಜನರಲ್ ಮೋಟಾರ್ಸಿನ 4ಎಲ್60-ಇ 1993ರ ಮಾದರಿಯ ಪಿಕಪ್ ಲಾರಿಗಳಲ್ಲಿಯೂ ಬಳಕೆಗೆ ಬಂದುವು.

ಇದಕ್ಕೆ ಸಮಾನಾಂತರವಾಗಿ ಭಾರದ ಲಾರಿಗಳಲ್ಲಿ ಇನ್ನೊಂದು ಧಾರೆ ಬೆಳೆಯಿತು. ಕೈಯಿಂದ ಬದಲಿಸುವ ಹಳೆಯ ಗೇರ್‌ಬಾಕ್ಸಿನ ಒಡಲನ್ನು ಹಾಗೆಯೇ ಇಟ್ಟುಕೊಂಡು, ಗೇರು ಹಾಕುವ ಕೈಗೂ ಕ್ಲಚ್ಚು ಒತ್ತುವ ಕಾಲಿಗೂ ಬದಲಾಗಿ ವಿದ್ಯುತ್ ಮೋಟಾರುಗಳನ್ನೋ ಸಂಕುಚಿತ ವಾಯುವಿನಿಂದ ನಡೆಯುವ ಸಿಲಿಂಡರುಗಳನ್ನೋ ಅಳವಡಿಸಿದ ಈ ಬಗೆಗೆ ಸ್ವಯಂಚಾಲಿತ ಮ್ಯಾನ್ಯುಯಲ್ ಗೇರ್‌ಬಾಕ್ಸು, ಸಂಕ್ಷೇಪವಾಗಿ ಎ.ಎಂ.ಟಿ., ಎಂದು ಹೆಸರು. ಅಮೆರಿಕದಲ್ಲಿ ಈಟನ್ ಸಂಸ್ಥೆಯ ಅಲ್ಟ್ರಾಶಿಫ್ಟ್, ಯೂರೋಪಿನಲ್ಲಿ ಝಡ್.ಎಫ್. ಸಂಸ್ಥೆಯ ಎ.ಎಸ್. ಟ್ರಾನಿಕ್ ಹಾಗೂ 2001ರಲ್ಲಿ ಪ್ರಕಟವಾದ ವೋಲ್ವೊ ಸಂಸ್ಥೆಯ ಐ-ಶಿಫ್ಟ್ ಇದರ ಪ್ರಸಿದ್ಧ ನಿದರ್ಶನಗಳು. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ವೋಲ್ವೊ ಲಾರಿಗಳ ಕಾರ್ಖಾನೆ ಸ್ಥಾಪಿತವಾದುದರಿಂದಲೂ, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದು ಲಾರಿಗಳಲ್ಲಿ ಗಣಕದ ನಿಯಂತ್ರಣ ಹೆಚ್ಚಿದುದರಿಂದಲೂ ಈ ವಿಷಯ ಕರ್ನಾಟಕದ ಗ್ಯಾರೇಜುಗಳಿಗೂ ನಿತ್ಯದ ವಿಷಯವಾಗಿದೆ.

ವ್ಯವಸ್ಥೆಯ ಅಂಗಗಳು

ಗೇರ್‌ಬಾಕ್ಸಿನ ವಿದ್ಯುದ್ವ್ಯವಸ್ಥೆಯನ್ನು ಐದು ಅಂಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಬ್ಯಾಟರಿ, ಆಲ್ಟರ್ನೇಟರು, ಫ್ಯೂಸು, ರಿಲೇ ಹಾಗೂ ಅರ್ಥ್ ತಂತಿಗಳಿಂದಾದ ಪೂರೈಕೆ. ಎರಡನೆಯದು ದಂಡಗಳ ವೇಗ, ಎಣ್ಣೆಯ ಉಷ್ಣತೆ, ಗೇರಿನ ಸ್ಥಾನ ಇವುಗಳನ್ನು ತಿಳಿಸುವ ಸೆನ್ಸರುಗಳು. ಮೂರನೆಯದು ಆ ವರ್ತಮಾನವನ್ನೆಲ್ಲ ಗ್ರಹಿಸಿ ನಿರ್ಣಯ ಮಾಡುವ ನಿಯಂತ್ರಕ. ನಾಲ್ಕನೆಯದು ಆ ನಿರ್ಣಯವನ್ನು ಕಾರ್ಯಗತಗೊಳಿಸುವ ಸಾಲಿನಾಯ್ಡುಗಳು (ವಿದ್ಯುತ್ತಿನಿಂದ ಕವಾಟವನ್ನು ಸರಿಸುವ ಸುರುಳಿಗಳು) ಮತ್ತು ಮೋಟಾರುಗಳು. ಐದನೆಯದು ಗೇರ್‌ಬಾಕ್ಸು, ಎಂಜಿನ್ನು, ಬ್ರೇಕು ಇವುಗಳ ನಿಯಂತ್ರಕಗಳು ಪರಸ್ಪರ ಮಾತನಾಡಿಕೊಳ್ಳುವ ಸಂವಹನಜಾಲ. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನು ತನ್ನ ಶಕ್ತಿಯನ್ನು ಅರೆಕ್ಷಣ ತಗ್ಗಿಸಿ ಮತ್ತೆ ಏರಿಸಬೇಕಾದುದರಿಂದ ಈ ಐದನೆಯ ಅಂಗ ಕೆಟ್ಟರೆ ಉಳಿದ ನಾಲ್ಕೂ ಸರಿಯಾಗಿದ್ದಾಗ್ಯೂ ಗೇರು ಸರಿಯಾಗಿ ಬೀಳುವುದಿಲ್ಲ.

ಲಕ್ಷಣಗಳು: ಒಂದು ನಿದರ್ಶನ

ವಿದ್ಯುತ್ತಿನ ಅಭಾವ ಯಂತ್ರದೋಷದ ವೇಷವನ್ನು ತಾಳುವ ಬಗೆಯನ್ನು 4ಎಲ್60-ಇ ಗೇರ್‌ಬಾಕ್ಸಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಇದರ ನಾಲ್ಕು ಗೇರುಗಳನ್ನು ಎ ಮತ್ತು ಬಿ ಎಂಬ ಎರಡು ಸಾಲಿನಾಯ್ಡುಗಳು ಆಳುತ್ತವೆ: ಎರಡರಲ್ಲಿಯೂ ವಿದ್ಯುತ್ತು ಹರಿಯುತ್ತಿದ್ದರೆ ಒಂದನೆಯ ಗೇರು, ಬಿ ಒಂದರಲ್ಲಿಯೇ ಹರಿಯುತ್ತಿದ್ದರೆ ಎರಡನೆಯದು, ಎರಡರಲ್ಲಿಯೂ ಹರಿಯದಿದ್ದರೆ ಮೂರನೆಯದು, ಎ ಒಂದರಲ್ಲಿಯೇ ಹರಿದರೆ ನಾಲ್ಕನೆಯದು. ಸಾಲಿನಾಯ್ಡುಗಳಿಗೆ ಧನವಿದ್ಯುತ್ತು ಇಗ್ನಿಷನ್ ಹಾಕಿರುವಷ್ಟು ಹೊತ್ತೂ ಫ್ಯೂಸಿನ ಮೂಲಕ ಬರುತ್ತಿರುತ್ತದೆ. ನಿಯಂತ್ರಕವು ಅವುಗಳ ಮತ್ತೊಂದು ತುದಿಯನ್ನು ಅರ್ಥಿಗೆ ಸೇರಿಸಿಯೋ ಬಿಡಿಸಿಯೋ ಅವುಗಳನ್ನು ನಡೆಸುತ್ತದೆ. ಇದರ ಜೊತೆಗೆ ಎಣ್ಣೆಯ ಒತ್ತಡವನ್ನು ನಿಯಂತ್ರಿಸುವ ಮತ್ತೊಂದು ಸಾಲಿನಾಯ್ಡು ಇದ್ದು, ಅದರಲ್ಲಿ ವಿದ್ಯುತ್ತು ಹೆಚ್ಚಿದಷ್ಟೂ ಒತ್ತಡ ಕಡಿಮೆಯಾಗುವಂತೆಯೂ, ವಿದ್ಯುತ್ತು ಇಲ್ಲವಾದರೆ ಒತ್ತಡ ಪರಮಾವಧಿಗೆ ಏರುವಂತೆಯೂ ರಚನೆ ಮಾಡಲಾಗಿದೆ.

ಈಗ ಫ್ಯೂಸು ಸುಟ್ಟುಹೋಯಿತೆಂದು, ಅದರಿಂದ ನಿಯಂತ್ರಕವೂ ಗೇರ್‌ಬಾಕ್ಸಿನ ಹಿಡಿತವನ್ನು ಕೈಬಿಟ್ಟಿತೆಂದು ಭಾವಿಸೋಣ. ಸಾಲಿನಾಯ್ಡುಗಳೆರಡೂ ನಿಶ್ಚೇಷ್ಟವಾಗಲು ಲಾರಿ ನಿಂತಲ್ಲಿಂದಲೇ ಮೂರನೆಯ ಗೇರಿನಲ್ಲಿ ಹೊರಡಲು ಹೆಣಗುತ್ತದೆ. ಒತ್ತಡ ಪರಮಾವಧಿಗೆ ಏರಿರುವುದರಿಂದ ಲಿವರನ್ನು ಡ್ರೈವಿಗೆ ಎಳೆದ ಕೂಡಲೆ ಗೇರು ಧಡಕ್ಕನೆ ಬೀಳುತ್ತದೆ. ಚಾಲಕನ ಅನುಭವಕ್ಕೆ ಬರುವುದು ಎಳೆತವಿಲ್ಲದ, ಜಗ್ಗುವ ಒಂದು ಗೇರ್‌ಬಾಕ್ಸು. ಅವನ ದೂರನ್ನಷ್ಟೇ ಕೇಳಿದ ಮೆಕ್ಯಾನಿಕ್ಕನಿಗೆ ಒಳಗಿನ ಕ್ಲಚ್ಚುಗಳು ಸವೆದಿರಬೇಕೆಂದು ತೋರುವುದು ಸಹಜ. ಆದರೆ ಮೂರನೆಯ ಗೇರಿನಲ್ಲಿ ಆರಂಭವಾಗುವುದು ಹಾಗೂ ಗೇರು ಗಡುಸಾಗಿ ಬೀಳುವುದು ಇವೆರಡೂ ಒಟ್ಟಿಗೆ ಕಂಡುವೆಂದರೆ ವಿದ್ಯುತ್ ಪೂರೈಕೆ ಕಡಿದಿರುವ ಸಂಭವವೇ ಅಧಿಕ. ಸವೆದ ಕ್ಲಚ್ಚು ಜಾರುತ್ತದೆಯೇ ವಿನಾ ಗಡುಸಾಗಿ ಹಿಡಿಯುವುದು ವಿರಳ. ಯಂತ್ರನಿರ್ಮಾತೃಗಳು ಈ ಸ್ಥಿತಿಯನ್ನು ಉದ್ದೇಶಪೂರ್ವಕವಾಗಿಯೇ ಕಲ್ಪಿಸಿರುತ್ತಾರೆ: ವಿದ್ಯುತ್ತು ಕೈಕೊಟ್ಟರೂ ವಾಹನ ನಡುದಾರಿಯಲ್ಲಿ ನಿಲ್ಲದೆ ಗ್ಯಾರೇಜನ್ನು ಮುಟ್ಟಲೆಂಬುದೂ, ಒತ್ತಡ ಸಾಲದೆ ಕ್ಲಚ್ಚುಗಳು ಸುಟ್ಟುಹೋಗಬಾರದೆಂಬುದೂ ಅವರ ಆಶಯ.

ದೋಷಸಂಕೇತಗಳು

ನಿಯಂತ್ರಕವು ತನ್ನ ಮಂಡಲಗಳನ್ನು ತಾನೇ ಗಮನಿಸುತ್ತಿದ್ದು, ಅಳತೆ ಮೇರೆ ಮೀರಿದಾಗ ಒಂದು ಸಂಕೇತವನ್ನು ಸ್ಮೃತಿಯಲ್ಲಿ ಬರೆದಿಟ್ಟು ಚಾಲಕನ ಮುಂದೆ ದೀಪವನ್ನು ಬೆಳಗಿಸುತ್ತದೆ. ಅಮೆರಿಕದಲ್ಲಿ 1996ರಿಂದ ಹಗುರ ವಾಹನಗಳಿಗೆ ಕಡ್ಡಾಯವಾದ ಒ.ಬಿ.ಡಿ. 2 ಎಂಬ ಸ್ವಯಂನಿದಾನ ಪದ್ಧತಿಯಲ್ಲಿ ಗೇರ್‌ಬಾಕ್ಸಿಗೆ ಸಂಬಂಧಪಟ್ಟ ಸಂಕೇತಗಳು ಪಿ 0700ರಿಂದ ಮೊದಲಾಗುತ್ತವೆ. ಪಿ 0715 ಎಂಜಿನ್ನಿನಿಂದ ಶಕ್ತಿಯನ್ನು ಒಳತರುವ ಒಳದಂಡದ ವೇಗ ಸೆನ್ಸರಿನ ಮಂಡಲವನ್ನೂ, ಪಿ 0720 ಚಕ್ರಗಳ ಕಡೆಗೆ ಅದನ್ನು ಒಯ್ಯುವ ಹೊರದಂಡದ ವೇಗ ಸೆನ್ಸರಿನ ಮಂಡಲವನ್ನೂ ಸೂಚಿಸುತ್ತವೆ. ಭಾರದ ಲಾರಿಗಳಲ್ಲಿ ಬಳಕೆಯಲ್ಲಿರುವ ವಾಹನ ಎಂಜಿನಿಯರುಗಳ ಸಂಘವಾದ ಎಸ್.ಎ.ಇ.ಯ ಜೆ 1939 ಪದ್ಧತಿಯಲ್ಲಾದರೆ ಸಂಕೇತಕ್ಕೆ ಎರಡು ಮುಖ್ಯ ಭಾಗಗಳಿವೆ: ಎಸ್.ಪಿ.ಎನ್. ಎಂಬ ಸಂಖ್ಯೆ ಯಾವ ಮಂಡಲವೆಂಬುದನ್ನೂ, ಎಫ್.ಎಂ.ಐ. ಎಂಬ ಸಂಖ್ಯೆ ಅದು ಕೆಟ್ಟಿರುವ ಬಗೆಯನ್ನೂ ತಿಳಿಸುತ್ತವೆ. ಎಫ್.ಎಂ.ಐ. 3 ಎಂದರೆ ವೋಲ್ಟೇಜು ಮಿತಿಗಿಂತ ಮೇಲೆ, 4 ಎಂದರೆ ಮಿತಿಗಿಂತ ಕೆಳಗೆ, 5 ಎಂದರೆ ಪ್ರವಾಹ ಕಡಿಮೆ ಅಥವಾ ಮಂಡಲ ಕಡಿದಿದೆ, 6 ಎಂದರೆ ಪ್ರವಾಹ ಹೆಚ್ಚು ಅಥವಾ ತಂತಿ ಅರ್ಥಿಗೆ ತಗುಲಿದೆ, 2 ಎಂದರೆ ವರ್ತಮಾನ ಅಸ್ಥಿರವಾಗಿದೆ. ಅಲಿಸನ್ ಸಂಸ್ಥೆಯ ಒತ್ತುಗುಂಡಿಯ ಗೇರುಫಲಕಗಳಲ್ಲಿ ಮೇಲ್ಮುಖದ ಮತ್ತು ಕೆಳಮುಖದ ಬಾಣದ ಗುಂಡಿಗಳನ್ನು ಒಟ್ಟಿಗೆ ಒತ್ತಿ, ಬೇರೆ ಉಪಕರಣವಿಲ್ಲದೆಯೇ ಸಂಕೇತಗಳನ್ನು ಓದುವ ಅನುಕೂಲವೂ ಉಂಟು.

ಆದರೆ ಸಂಕೇತವು ಮಂಡಲವನ್ನು ಹೆಸರಿಸುತ್ತದೆ, ಭಾಗವನ್ನಲ್ಲ ಎಂಬ ಅಂಶವನ್ನು ನಿದಾನಕಾರನು ಎಂದೂ ಮರೆಯತಕ್ಕದ್ದಲ್ಲ. ಎಸ್.ಪಿ.ಎನ್. 191, ಎಫ್.ಎಂ.ಐ. 5 ಎಂದು ಕಂಡಿತೆನ್ನಿ: ಹೊರದಂಡದ ವೇಗ ಸೆನ್ಸರಿನ ಮಂಡಲ ಕಡಿದಿದೆಯೆಂದು ಅದರ ಅರ್ಥ. ಆ ಕಡಿತ ಸೆನ್ಸರಿನೊಳಗಿನ ಸುರುಳಿಯಲ್ಲಿರಬಹುದು, ಸೆನ್ಸರಿನ ಕನೆಕ್ಟರಿನಲ್ಲಿರಬಹುದು, ಚಾಸಿಯುದ್ದಕ್ಕೂ ಸಾಗುವ ತಂತಿಯಲ್ಲಿರಬಹುದು, ನಿಯಂತ್ರಕದ ಕನೆಕ್ಟರಿನಲ್ಲಿ ಹಿಂದೆ ಸರಿದ ಒಂದು ಪಿನ್ನಿನಲ್ಲಿಯೂ ಇರಬಹುದು. ಸಂಕೇತವನ್ನು ಓದಿದೊಡನೆ ಸೆನ್ಸರನ್ನು ಕೊಂಡು ತರುವುದು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿದ್ದು, ಹೊಸ ಸೆನ್ಸರು ಹಾಕಿದ ಮೇಲೂ ದೀಪ ಆರದೆ ಉಳಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅನೇಕ ಸಂಕೇತಗಳು ಒಟ್ಟಿಗೆ ಕಂಡುಬಂದಲ್ಲಿ ಅವುಗಳಿಗೆಲ್ಲ ಸಮಾನವಾದ ಫ್ಯೂಸು, ಅರ್ಥ್ ಅಥವಾ ಕನೆಕ್ಟರು ಯಾವುದೆಂದು ವೈರಿಂಗಿನ ನಕ್ಷೆಯಲ್ಲಿ ಹುಡುಕುವುದು ಯುಕ್ತ. ಐದು ಭಾಗಗಳು ಒಂದೇ ದಿನ ಕೆಡುವುದಕ್ಕಿಂತ ಐದಕ್ಕೂ ಆಧಾರವಾದ ಒಂದು ತಂತಿ ಕೆಡುವ ಸಂಭವ ಹೆಚ್ಚು.

ಪೂರೈಕೆಯ ಪರೀಕ್ಷೆ

ಈಟನ್ ಸಂಸ್ಥೆಯ ದುರಸ್ತಿ ಕೈಪಿಡಿಗಳಲ್ಲಿ ಯಾವ ಸಂಕೇತವನ್ನು ಬೆನ್ನಟ್ಟುವ ಮೊದಲೂ ವಿದ್ಯುತ್ತಿನ ಪೂರ್ವಪರೀಕ್ಷೆಯೊಂದನ್ನು ಮಾಡಬೇಕೆಂದು ವಿಧಿಸಿರುವುದು ಸಕಾರಣವಾಗಿದೆ. ಪೂರ್ಣವಾಗಿ ಚಾರ್ಜಾದ 12 ವೋಲ್ಟಿನ ಬ್ಯಾಟರಿ ವಿಶ್ರಾಂತಸ್ಥಿತಿಯಲ್ಲಿ ಸುಮಾರು 12.6 ವೋಲ್ಟನ್ನು ತೋರಿಸಬೇಕು. ಭಾರತದ ಮತ್ತು ಯೂರೋಪಿನ ಭಾರದ ಲಾರಿಗಳಲ್ಲಿರುವಂತೆ ಎರಡನ್ನು ಸಾಲಾಗಿ ಜೋಡಿಸಿದ 24 ವೋಲ್ಟಿನ ವ್ಯವಸ್ಥೆಯಲ್ಲಿ ಇದು 25.2 ಆಗುತ್ತದೆ. ಹೊರೆ ಹಾಕಿದಾಗ ಪ್ರತಿಯೊಂದು ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಎಂಜಿನ್ನು ಓಡುವಾಗ ಆಲ್ಟರ್ನೇಟರಿನ ವೋಲ್ಟೇಜು 12 ವೋಲ್ಟಿನ ವ್ಯವಸ್ಥೆಯಲ್ಲಿ 14ರ ಸುಮಾರಿನಲ್ಲಿಯೂ 24 ವೋಲ್ಟಿನದರಲ್ಲಿ 28ರ ಸುಮಾರಿನಲ್ಲಿಯೂ ಇರುವುದು ಸಾಮಾನ್ಯ. ಮೀಟರನ್ನು ಏಸಿಗೆ ತಿರುಗಿಸಿ ಬ್ಯಾಟರಿಯ ತುದಿಗಳಲ್ಲಿ ಇಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರಿನ ಡಯೋಡು ಶಂಕಾಸ್ಪದ. ಅಲ್ಲಿಂದ ಹೊರಟ ಏರಿಳಿತ ವೇಗ ಸೆನ್ಸರುಗಳ ಸಿಗ್ನಲಿನೊಡನೆ ಬೆರೆತು ನಿಯಂತ್ರಕವನ್ನು ಭ್ರಮೆಗೀಡುಮಾಡಬಲ್ಲದು.

ನಮ್ಮ ರಸ್ತೆಗಳಲ್ಲಿ ಒಂದು ವಿಶೇಷ ಕಾರಣವೂ ಸೇರಿಕೊಳ್ಳುತ್ತದೆ. 24 ವೋಲ್ಟಿನ ಲಾರಿಯಲ್ಲಿ 12 ವೋಲ್ಟಿನ ಮ್ಯೂಸಿಕ್ ಪ್ಲೇಯರನ್ನೋ ಅಲಂಕಾರದ ದೀಪಗಳನ್ನೋ ಎರಡು ಬ್ಯಾಟರಿಗಳ ಪೈಕಿ ಒಂದಕ್ಕೆ ಮಾತ್ರ ಸಿಕ್ಕಿಸುವುದು ವಾಡಿಕೆ. ಹೀಗೆ ಮಾಡಿದಲ್ಲಿ ಆ ಒಂದು ಬ್ಯಾಟರಿ ಸದಾ ಅರೆಹಸಿವಿನಲ್ಲಿಯೂ ಇನ್ನೊಂದು ಅತಿಚಾರ್ಜಿನಲ್ಲಿಯೂ ಉಳಿದು, ಎರಡೂ ಅಕಾಲದಲ್ಲಿ ಕೆಡುತ್ತವೆ; ಒಟ್ಟು ವೋಲ್ಟೇಜು ಸರಿಯಾಗಿ ಕಾಣುತ್ತಿರುವುದರಿಂದ ದೋಷ ಮರೆಯಾಗಿರುತ್ತದೆ. ಆದಕಾರಣ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯುವುದು ಕಡ್ಡಾಯ.

ವೋಲ್ಟೇಜ್ ಡ್ರಾಪ್ ಪರೀಕ್ಷೆ

ಈ ನಿದಾನದ ಅತ್ಯಂತ ಶಕ್ತವಾದ ಸಾಧನವೆಂದರೆ, ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುವಾಗಲೇ ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟು ನಷ್ಟವಾಗುತ್ತಿದೆಯೆಂದು ಅಳೆಯುವ ಪರೀಕ್ಷೆ. ಇದಕ್ಕೆ ಆಧಾರ 1827ರಲ್ಲಿ ಭೌತವಿಜ್ಞಾನಿ ಗೇಯೋರ್ಗ್ ಓಮ್ ಪ್ರತಿಪಾದಿಸಿದ ನಿಯಮ: ನಷ್ಟವಾಗುವ ವೋಲ್ಟು ಪ್ರವಾಹ ಮತ್ತು ರೋಧಗಳ ಗುಣಲಬ್ಧ.

ಹತ್ತೊಂಬತ್ತು ಎಳೆಗಳ ತಾಮ್ರದ ತಂತಿಯೊಂದು ಚಾಸಿಯ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ, ಅದರೊಳಗೆ ತೇವ ಸೇರಿ ಕಿಲುಬು ಹಿಡಿದು, ಒಂದೇ ಎಳೆ ಉಳಿದಿದೆಯೆಂದು ಊಹಿಸಿ, ಆ ಜಾಗದ ರೋಧ 0.3 ಓಮ್ ಆಗಿದೆಯೆಂದಿಟ್ಟುಕೊಳ್ಳೋಣ. ತಂತಿಯನ್ನು ಬಿಡಿಸಿ ಮೀಟರಿನಿಂದ ರೋಧವನ್ನು ಅಳೆದರೆ, ಮೀಟರು ಹರಿಸುವ ಪ್ರವಾಹ ಅತ್ಯಲ್ಪವಾದುದರಿಂದ ಆ ಒಂದು ಎಳೆಯೇ ಅದಕ್ಕೆ ಧಾರಾಳವಾಗಿ ಸಾಕಾಗಿ, ಮೀಟರು ಸೊನ್ನೆಯ ಸಮೀಪದ ಅಂಕಿಯನ್ನೇ ತೋರಿಸಿ ತಂತಿ ಸರಿಯಾಗಿದೆಯೆಂದು ಸಾಕ್ಷಿ ಹೇಳುತ್ತದೆ. ಅದೇ ತಂತಿಯಲ್ಲಿ ಗೇರು ಬದಲಿಸುವ ಮೋಟಾರಿಗಾಗಿ 10 ಆಂಪಿಯರ್ ಹರಿದರೆ 3 ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. 12 ವೋಲ್ಟಿನ ಲಾರಿಯಲ್ಲಿ ಮೋಟಾರಿಗೆ ಸಿಗುವುದು 9 ವೋಲ್ಟು ಮಾತ್ರ, ಉಳಿದುದು ಆ ಒಂದು ಚುಕ್ಕೆಯಷ್ಟು ಜಾಗದಲ್ಲಿ 30 ವ್ಯಾಟಿನ ಶಾಖವಾಗಿ ವ್ಯರ್ಥವಾಗುತ್ತದೆ. ಗೇರು ಅರ್ಧದಲ್ಲಿಯೇ ನಿಲ್ಲುತ್ತದೆ, ನಿಯಂತ್ರಕವು ಗೇರು ಹಿಡಿಯಲಿಲ್ಲವೆಂದು ಸಂಕೇತ ಬರೆಯುತ್ತದೆ, ಗೇರ್‌ಬಾಕ್ಸು ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಪರೀಕ್ಷೆಯ ವಿಧಾನ ಸರಳ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನಧ್ರುವದ ಮೇಲೂ ಕಪ್ಪು ಕಡ್ಡಿಯನ್ನು ನಿಯಂತ್ರಕಕ್ಕೆ ಧನವಿದ್ಯುತ್ತು ಬರುವ ಪಿನ್ನಿನ ಮೇಲೂ ಇಟ್ಟು ಮಂಡಲವನ್ನು ಚಾಲೂ ಮಾಡಬೇಕು. ಮೀಟರಿನಲ್ಲಿ ಕಾಣುವುದು ಧನಮಾರ್ಗದಲ್ಲಿ ನಷ್ಟವಾದ ವೋಲ್ಟು. ತರುವಾಯ ಕೆಂಪು ಕಡ್ಡಿಯನ್ನು ನಿಯಂತ್ರಕದ ಅರ್ಥ್ ಪಿನ್ನಿನ ಮೇಲೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವದ ಮೇಲೂ ಇಟ್ಟರೆ ಅರ್ಥಿನ ಮಾರ್ಗದ ನಷ್ಟ ತಿಳಿಯುತ್ತದೆ. ಒಂದು ಮಾರ್ಗದಲ್ಲಿ 0.2 ವೋಲ್ಟಿನೊಳಗಿನ ನಷ್ಟ ಸಹ್ಯ; ಅರ್ಧ ವೋಲ್ಟು ಮುಟ್ಟಿದರೆ ದೋಷ ನಿಶ್ಚಿತ. ನಿಯಂತ್ರಕವನ್ನು ಬಿಡಿಸಿ ಪರೀಕ್ಷಿಸಬೇಕಾದಲ್ಲಿ ಅದರ ಬದಲಿಗೆ ಹೆಡ್‌ಲೈಟಿನ ಬಲ್ಬೊಂದನ್ನು ಹೊರೆಯಾಗಿ ಸಿಕ್ಕಿಸುವುದುಂಟು. 12 ವೋಲ್ಟಿನ 60 ವ್ಯಾಟ್ ಬಲ್ಬು 5 ಆಂಪಿಯರ್ ಪ್ರವಾಹವನ್ನು ಎಳೆಯುವುದರಿಂದ ತಂತಿಯ ನಿಜವಾದ ಸಾಮರ್ಥ್ಯ ಬಯಲಾಗುತ್ತದೆ. ನಷ್ಟ ಕಂಡ ಮೇಲೆ ಒಂದು ಕಡ್ಡಿಯನ್ನು ತಂತಿಯುದ್ದಕ್ಕೂ ಒಂದೊಂದೇ ಜೋಡಣೆಯನ್ನು ದಾಟಿಸುತ್ತ ಬಂದರೆ ಅಂಕಿ ಹಠಾತ್ತಾಗಿ ಬದಲಾಗುವ ಸ್ಥಳವೇ ದೋಷದ ನೆಲೆ.

ತಂತಿಗಳು ಮತ್ತು ಕನೆಕ್ಟರುಗಳು

ಚಾಸಿಯ ಕಂಪನ, ಎಕ್ಸಾಸ್ಟಿನ ಶಾಖ, ಮಳೆ, ಧೂಳು ಇವೆಲ್ಲಕ್ಕೂ ಈಡಾಗಿ ಗೇರ್‌ಬಾಕ್ಸಿನ ಪಕ್ಕದಲ್ಲಿ ಸಾಗುವ ವೈರಿಂಗಿನಲ್ಲಿ ದೋಷಗಳು ಹುಟ್ಟುವುದು ಆಶ್ಚರ್ಯವಲ್ಲ. ಶಿರಾಡಿ ಘಾಟಿಯ ಮಳೆಗಾಲದಲ್ಲಿ ಓಡಾಡುವ ಲಾರಿಗೂ ಬಳ್ಳಾರಿಯ ಅದಿರಿನ ಧೂಳಿನಲ್ಲಿ ಓಡಾಡುವ ಲಾರಿಗೂ ಕನೆಕ್ಟರಿನ ರಬ್ಬರ್ ಸೀಲು ಪ್ರಾಣರಕ್ಷಕವೇ ಸರಿ. ಸರ್ವಿಸ್ ಸ್ಟೇಷನ್ನಿನಲ್ಲಿ ರಭಸದ ನೀರನ್ನು ನೇರವಾಗಿ ಕನೆಕ್ಟರಿಗೆ ಹಾಯಿಸಿದರೆ ಸೀಲನ್ನೂ ದಾಟಿ ತೇವ ಒಳಹೊಕ್ಕು, ಕೆಲವು ದಿನಗಳಲ್ಲಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣಿಸಿಕೊಳ್ಳುತ್ತದೆ. ಗೇರ್‌ಬಾಕ್ಸಿನೊಳಗಿನಿಂದ ಹೊರಬರುವ ಕನೆಕ್ಟರಿನ ಸೀಲು ಸೋತರೆ ಎಣ್ಣೆಯು ತಂತಿಯ ಎಳೆಗಳ ನಡುವಿನ ಸಂದಿಯಲ್ಲಿ ಕೇಶಾಕರ್ಷಣದಿಂದ ತೆವಳಿ, ಎಷ್ಟೋ ದೂರದಲ್ಲಿರುವ ನಿಯಂತ್ರಕವನ್ನು ಸಹ ತಲಪುವುದುಂಟು. ಆದ್ದರಿಂದ ನಿಯಂತ್ರಕದ ಕನೆಕ್ಟರಿನಲ್ಲಿ ಗೇರ್‌ಬಾಕ್ಸಿನ ಎಣ್ಣೆಯ ಪಸೆ ಕಂಡರೆ ದೋಷವನ್ನು ತಂತಿಯ ಇನ್ನೊಂದು ತುದಿಯಲ್ಲಿ ಹುಡುಕಬೇಕು.

ಕಣ್ಣಿಗೆ ಕಾಣದ ಮತ್ತೊಂದು ದೋಷ ಪಿನ್ನಿನ ಹಿಡಿತ ಸಡಿಲವಾಗುವುದು. ಅದೇ ಅಳತೆಯ ಬಿಡಿ ಪಿನ್ನೊಂದನ್ನು ಕನೆಕ್ಟರಿನ ರಂಧ್ರಕ್ಕೆ ತೂರಿಸಿ ಹಿಂದಕ್ಕೆಳೆದರೆ ತುಸು ಬಿಗುವಿನಿಂದ ಬರಬೇಕು. ಸಲೀಸಾಗಿ ಜಾರಿ ಬಂದರೆ ಲಾರಿಯ ಕುಲುಕಾಟದಲ್ಲಿ ಸಂಪರ್ಕ ಬಿಟ್ಟುಬಿಟ್ಟು ಬರುವುದೆಂದು ತಿಳಿಯಬಹುದು. ಪರೀಕ್ಷೆಗಾಗಿ ಮೀಟರಿನ ದಪ್ಪ ಕಡ್ಡಿಯನ್ನು ಈ ರಂಧ್ರಗಳಿಗೆ ಒತ್ತುವುದಾಗಲಿ, ಸೂಜಿಯಿಂದ ತಂತಿಯ ಮೇಲ್ಪೊರೆಯನ್ನು ಚುಚ್ಚುವುದಾಗಲಿ ಸಲ್ಲದು. ಮೊದಲನೆಯದರಿಂದ ಹಿಡಿತ ಸಡಿಲವಾಗುತ್ತದೆ, ಎರಡನೆಯದರಿಂದ ತೇವಕ್ಕೆ ದಾರಿಯಾಗುತ್ತದೆ.

ಸೆನ್ಸರುಗಳು

ವೇಗವನ್ನು ಅಳೆಯುವ ಸೆನ್ಸರುಗಳಲ್ಲಿ ಎರಡು ಬಗೆ. ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಒಳಗೊಂಡ ಮೊದಲನೆಯ ಬಗೆಗೆ ಹೊರಗಿನ ವಿದ್ಯುತ್ತು ಬೇಕಿಲ್ಲ. ಹಲ್ಲುಚಕ್ರದ ಹಲ್ಲುಗಳು ಎದುರು ಹಾದುಹೋದಂತೆ ಅದು ತಾನೇ ಏಸಿ ವೋಲ್ಟೇಜನ್ನು ಉತ್ಪಾದಿಸುತ್ತದೆ, ವೇಗ ಹೆಚ್ಚಿದಷ್ಟೂ ವೋಲ್ಟೇಜೂ ಹೆಚ್ಚುತ್ತದೆ. ಅದರ ತುದಿಗೆ ಲೋಹದ ಚೂರು ಅಂಟಿಕೊಂಡರೆ ಅಥವಾ ಹಲ್ಲಿನಿಂದ ಅದರ ಅಂತರ ಹೆಚ್ಚಾದರೆ ಸಿಗ್ನಲು ಕ್ಷೀಣಿಸಿ, ಲಾರಿ ನಿಧಾನವಾಗಿ ಚಲಿಸುವಾಗ ಮಾತ್ರ ಗೇರು ತಬ್ಬಿಬ್ಬಾಗುವುದು ಇದರ ವಿಶಿಷ್ಟ ಲಕ್ಷಣ. ಭೌತವಿಜ್ಞಾನಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪರಿಣಾಮವನ್ನು ಆಧರಿಸಿದ ಎರಡನೆಯ ಬಗೆಗೆ ಹೊರಗಿನ ವಿದ್ಯುತ್ತು ಅವಶ್ಯಕ; ಆದ್ದರಿಂದ ಅದನ್ನು ದೂಷಿಸುವ ಮೊದಲು ಅದಕ್ಕೆ ವಿದ್ಯುತ್ತೂ ಅರ್ಥೂ ತಲಪುತ್ತಿವೆಯೇ ಎಂದು ನೋಡತಕ್ಕದ್ದು.

ಎಣ್ಣೆಯ ಉಷ್ಣತೆಯ ಸೆನ್ಸರಿನಲ್ಲಿ ದೋಷದ ನೆಲೆಯನ್ನು ಕಂಡುಹಿಡಿಯಲು ಸುಂದರವಾದ ಒಂದು ಯುಕ್ತಿಯಿದೆ. ನಿಯಂತ್ರಕವು ಈ ಸೆನ್ಸರಿಗೆ 5 ವೋಲ್ಟನ್ನು ಒಂದು ರೋಧಕದ ಮೂಲಕ ಕಳುಹಿಸಿ, ಸೆನ್ಸರು ಅದನ್ನು ಎಷ್ಟು ಕೆಳಗೆಳೆಯಿತೆಂಬುದರಿಂದ ಉಷ್ಣತೆಯನ್ನು ಗಣಿಸುತ್ತದೆ. ವೋಲ್ಟೇಜು ತೀರ ಕಡಿಮೆಯೆಂಬ ಸಂಕೇತ ಬಂದಿದ್ದರೆ ಸೆನ್ಸರಿನ ಕನೆಕ್ಟರನ್ನು ಬಿಡಿಸಿ ನೋಡಬೇಕು: ಈಗ ವೋಲ್ಟೇಜು ತೀರ ಹೆಚ್ಚೆಂಬ ವಿರುದ್ಧ ಸಂಕೇತ ಬಂದರೆ ತಂತಿಯೂ ನಿಯಂತ್ರಕವೂ ಸರಿಯಾಗಿದ್ದು ಸೆನ್ಸರೇ ಕೆಟ್ಟಿದೆಯೆಂದಾಯಿತು; ಸಂಕೇತ ಬದಲಾಗದೆ ಉಳಿದರೆ ದೋಷ ತಂತಿಯಲ್ಲಿಯೋ ನಿಯಂತ್ರಕದಲ್ಲಿಯೋ ಇದೆಯೆಂದು ತೀರ್ಮಾನವಾಯಿತು. ಹೊಸ ಸೆನ್ಸರನ್ನು ಕೊಳ್ಳದೆಯೇ, ಕನೆಕ್ಟರೊಂದನ್ನು ಬಿಡಿಸಿದ ಮಾತ್ರಕ್ಕೆ, ಅರ್ಧ ಮಂಡಲ ನಿರ್ದೋಷಿಯೆಂದು ಸಿದ್ಧವಾಗುವುದು ಈ ಪರೀಕ್ಷೆಯ ಹೆಚ್ಚುಗಾರಿಕೆ.

ಸಾಲಿನಾಯ್ಡುಗಳು

ಸಾಲಿನಾಯ್ಡು ಎಂದರೆ ವಿದ್ಯುತ್ತು ಹರಿದಾಗ ಅಯಸ್ಕಾಂತವಾಗಿ ಕವಾಟವೊಂದನ್ನು ಸರಿಸುವ ಸುರುಳಿ. 4ಎಲ್60-ಇಯ ಗೇರು ಬದಲಿಸುವ ಸಾಲಿನಾಯ್ಡುಗಳ ರೋಧ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 20ರಿಂದ 30 ಓಮ್. ತಾಮ್ರದ ರೋಧ ಪ್ರತಿಯೊಂದು ಡಿಗ್ರಿ ಸೆಲ್ಸಿಯಸಿಗೆ ಸುಮಾರು ಶೇಕಡ 0.39ರಷ್ಟು ಏರುವುದರಿಂದ, 20 ಡಿಗ್ರಿಯಲ್ಲಿ 24 ಓಮ್ ಇದ್ದ ಸುರುಳಿ 100 ಡಿಗ್ರಿಯ ಎಣ್ಣೆಯಲ್ಲಿ 31 ಓಮಿಗೂ ಮೇಲಕ್ಕೆ ಹೋಗುತ್ತದೆ, 12.6 ವೋಲ್ಟಿನಲ್ಲಿ ಅದರ ಪ್ರವಾಹ 0.52 ಆಂಪಿಯರಿನಿಂದ 0.4 ಆಂಪಿಯರಿಗೆ ಇಳಿಯುತ್ತದೆ. ಸರಿಯಾಗಿರುವ ಸಾಲಿನಾಯ್ಡು ಈ ಇಳಿತವನ್ನು ತಾಳಿಕೊಳ್ಳುವಂತೆಯೇ ರಚಿತವಾಗಿರುತ್ತದೆ. ಆದರೆ ವೈರಿಂಗಿನಲ್ಲಿ ಮೊದಲೇ ಒಂದೆರಡು ವೋಲ್ಟು ನಷ್ಟವಾಗುತ್ತಿದ್ದರೆ ಇವೆರಡೂ ಸೇರಿ ಕವಾಟ ಸರಿಯದೆ ನಿಲ್ಲಬಹುದು. ಬೆಳಗಿನ ತಂಪಿನಲ್ಲಿ ಚೆನ್ನಾಗಿ ಓಡಿದ ಲಾರಿ ಮಧ್ಯಾಹ್ನದ ಘಾಟಿಯ ಏರಿನಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣವಾಗಿರುವುದರಿಂದ, ಬಿಸಿಯಾದಾಗ ಬರುವ ದೋಷವನ್ನು ಬಿಸಿಯಾಗಿರುವಾಗಲೇ ಅಳೆಯತಕ್ಕದ್ದು.

ಸಂವಹನಜಾಲ

ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಡೆಟ್ರಾಯಿಟ್ ನಗರದಲ್ಲಿ ನಡೆದ ಎಸ್.ಎ.ಇ. ಸಮ್ಮೇಳನದಲ್ಲಿ ಪ್ರಕಟಿಸಿದ ಕ್ಯಾನ್ ಪದ್ಧತಿಯಲ್ಲಿ ಎಲ್ಲ ನಿಯಂತ್ರಕಗಳೂ ಹುರಿಮಾಡಿದ ಒಂದೇ ಜೋಡಿ ತಂತಿಯ ಮೂಲಕ ವರ್ತಮಾನವನ್ನು ಹಂಚಿಕೊಳ್ಳುತ್ತವೆ. ಜೆ 1939 ಈ ಪದ್ಧತಿಯ ಮೇಲೆ ನಿಂತಿದೆ. ಜಾಲದ ಎರಡು ತುದಿಗಳಲ್ಲಿಯೂ 120 ಓಮಿನ ಒಂದೊಂದು ರೋಧಕ ಇರುವುದರಿಂದ, ಬ್ಯಾಟರಿಯನ್ನು ಬಿಡಿಸಿ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ರೋಧಕ ಕಳಚಿದೆ ಅಥವಾ ತಂತಿ ನಡುವೆ ಕಡಿದಿದೆ. 40 ಬಂದರೆ ಯಾರೋ ಮೂರನೆಯ ರೋಧಕವೊಂದನ್ನು ಸೇರಿಸಿದ್ದಾರೆ. ಸೊನ್ನೆಯ ಸಮೀಪಕ್ಕೆ ಬಂದರೆ ತಂತಿಗಳೆರಡೂ ಒಂದಕ್ಕೊಂದು ತಗುಲಿವೆ. ಇಗ್ನಿಷನ್ ಹಾಕಿದ ಮೇಲೆ ಎರಡೂ ತಂತಿಗಳು ವಿಶ್ರಾಂತಸ್ಥಿತಿಯಲ್ಲಿ 2.5 ವೋಲ್ಟಿನಲ್ಲಿದ್ದು, ಸಂದೇಶ ಹೋಗುವಾಗ ಒಂದು 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿಯುತ್ತದೆ, ಈ ಏರಿಳಿತದ ಆಕಾರವನ್ನು ಕಾಣಲು ಆಸಿಲೋಸ್ಕೋಪು ಬೇಕು.

ಬಿಟ್ಟುಬಿಟ್ಟು ಬರುವ ದೋಷಗಳು

ಗ್ಯಾರೇಜಿಗೆ ಬಂದಾಗ ಕಾಣದೆ ರಸ್ತೆಗಿಳಿದಾಗ ಕಾಣಿಸಿಕೊಳ್ಳುವ ದೋಷಕ್ಕೆ ಮೊದಲ ಸಾಕ್ಷಿ ಚಾಲಕ. ಏರಿನಲ್ಲಿಯೋ ಇಳಿತದಲ್ಲಿಯೋ, ಹೊರೆಯಿದ್ದಾಗಲೋ ಖಾಲಿಯಿದ್ದಾಗಲೋ, ಮಳೆಯ ತರುವಾಯವೋ, ಬಲಕ್ಕೆ ತಿರುಗುವಾಗಲೋ ಎಂದು ಸಾವಧಾನವಾಗಿ ಕೇಳಿದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಬಳಿಕ ಎಂಜಿನ್ನು ಓಡುತ್ತಿರುವಾಗ ವೈರಿಂಗನ್ನು ಗೇಣುಗೇಣಾಗಿ ಕೈಯಿಂದ ಅಲುಗಿಸುತ್ತ ಸ್ಕ್ಯಾನರಿನಲ್ಲಿ ಅಂಕಿಗಳನ್ನು ನೋಡುವುದು, ಸಂಶಯವಿರುವ ಕನೆಕ್ಟರಿನ ಮೇಲೆ ನೀರನ್ನು ಸಿಂಪಡಿಸುವುದು, ರಸ್ತೆಯಲ್ಲಿ ಓಡಿಸುತ್ತ ಅಂಕಿಗಳನ್ನು ದಾಖಲಿಸುವುದು ರೂಢಿಯ ಕ್ರಮಗಳು. 4ಎಲ್60-ಇಯ ಎರಡನೆಯ ಗೇರಿನ ಪ್ರಮಾಣ 1.625 ಆದುದರಿಂದ ಒಳದಂಡ ನಿಮಿಷಕ್ಕೆ 1625 ಸುತ್ತು ತಿರುಗುವಾಗ ಹೊರದಂಡ 1000 ಸುತ್ತು ತಿರುಗಬೇಕು. ದಾಖಲೆಯಲ್ಲಿ ಹೊರದಂಡದ ವೇಗ 1000ದಿಂದ ಒಮ್ಮೆಲೇ ಸೊನ್ನೆಗಿಳಿದು ಮರುಕ್ಷಣ 1000ಕ್ಕೆ ಮರಳಿದರೆ, ತುಂಬಿದ ಲಾರಿ ಕ್ಷಣಾರ್ಧದಲ್ಲಿ ನಿಂತು ಹೊರಡುವುದು ಅಸಾಧ್ಯವಾದುದರಿಂದ, ಅದು ತಂತಿಯ ಸುಳ್ಳೆಂದು ತಿಳಿಯಬೇಕು. ಒಳದಂಡದ ವೇಗ ಮೆಲ್ಲಮೆಲ್ಲನೆ 1625ನ್ನು ಮೀರಿ ಏರುತ್ತ ಹೋದರೆ ಅದು ಕ್ಲಚ್ಚಿನ ಜಾರುವಿಕೆ. ಅಲ್ಲಿ ವಿದ್ಯುತ್ತು ನಿರ್ದೋಷಿ.

ವಿದ್ಯುತ್ತಿಗೆ ಹೊರತಾದ ಕಾರಣಗಳು

ಎಲ್ಲವನ್ನೂ ವಿದ್ಯುತ್ತಿನ ತಲೆಗೆ ಕಟ್ಟುವುದೂ ತಪ್ಪೇ. ಎಣ್ಣೆಯ ಮಟ್ಟ ಕಡಿಮೆಯಿರುವುದು, ಎಣ್ಣೆ ಸುಟ್ಟು ಕಪ್ಪಾಗಿರುವುದು, ವಾಯುಚಾಲಿತ ಗೇರ್‌ಬಾಕ್ಸಿನಲ್ಲಿ ಗಾಳಿಯ ಒತ್ತಡ ಸಾಲದಿರುವುದು ಅಥವಾ ಗಾಳಿಯೊಡನೆ ನೀರು ಬಂದು ಕವಾಟ ಕಚ್ಚಿಕೊಂಡಿರುವುದು, ಕ್ಲಚ್ಚಿನ ತಟ್ಟೆ ಸವೆದಿರುವುದು ಇವೆಲ್ಲವೂ ಇದೇ ಲಕ್ಷಣಗಳನ್ನು ತೋರಿಸಬಲ್ಲವು. ನಿಯಂತ್ರಕದಿಂದ ಆಜ್ಞೆ ಹೊರಟಿದೆ, ಸಾಲಿನಾಯ್ಡಿನಲ್ಲಿ ಸರಿಯಾದ ಪ್ರವಾಹ ಹರಿದಿದೆ, ಆದಾಗ್ಯೂ ಗೇರು ಬದಲಾಗಿಲ್ಲ ಎಂದು ಅಳತೆಯಿಂದ ಸಿದ್ಧವಾದ ಮೇಲೆ ಗೇರ್‌ಬಾಕ್ಸನ್ನು ಬಿಚ್ಚಲು ನ್ಯಾಯವಾದ ಕಾರಣ ದೊರೆತಂತಾಗುತ್ತದೆ.

ದುರಸ್ತಿ ಮತ್ತು ಮುಂಜಾಗ್ರತೆ

ಸುಟ್ಟ ಫ್ಯೂಸಿನ ಜಾಗದಲ್ಲಿ ಹೆಚ್ಚು ಆಂಪಿಯರಿನ ಫ್ಯೂಸನ್ನೋ ತಂತಿಯ ತುಂಡನ್ನೋ ಸೇರಿಸುವುದು ವಾಹನಕ್ಕೆ ಬೆಂಕಿಯನ್ನು ಆಹ್ವಾನಿಸಿದಂತೆ. ಫ್ಯೂಸು ಸುಟ್ಟಿತೆಂದರೆ ಸುಟ್ಟ ಕಾರಣವನ್ನು ಹುಡುಕತಕ್ಕದ್ದು. ತಂತಿಯನ್ನು ಕೂಡಿಸಬೇಕಾದಲ್ಲಿ ಬರಿಯ ಹುರಿಗೂ ಟೇಪಿಗೂ ತೃಪ್ತಿಪಡದೆ, ಅದೇ ದಪ್ಪದ ತಂತಿಯಿಂದ ಭದ್ರವಾಗಿ ಕೂಡಿಸಿ, ತೇವ ಹೊಗದಂತೆ ಶಾಖದಿಂದ ಕುಗ್ಗುವ ಕೊಳವೆಯಿಂದ ಮುಚ್ಚಬೇಕು. ಲಾರಿಯ ಬಾಡಿ ಕಟ್ಟುವಾಗಲೂ ಚಾಸಿಯ ದುರಸ್ತಿಯಲ್ಲಿಯೂ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿಯನ್ನೂ ನಿಯಂತ್ರಕಗಳ ಕನೆಕ್ಟರುಗಳನ್ನೂ ಬಿಡಿಸಿ, ವೆಲ್ಡಿಂಗಿನ ಅರ್ಥನ್ನು ಕೆಲಸದ ಜಾಗದ ಸಮೀಪದಲ್ಲಿಯೇ ಕೊಡಬೇಕು. ಇಲ್ಲದಿದ್ದರೆ ಆ ಅಗಾಧ ಪ್ರವಾಹ ನಿಯಂತ್ರಕವನ್ನೂ ಬೇರಿಂಗುಗಳನ್ನೂ ಹಾದು ಹೋಗಿ ಹಾನಿಮಾಡಬಲ್ಲದು. ದುರಸ್ತಿಯಾದ ಬಳಿಕ ಸಂಕೇತವನ್ನು ಅಳಿಸಿ, ದೋಷ ಕಂಡ ಪರಿಸ್ಥಿತಿಯಲ್ಲಿಯೇ, ಅಂದರೆ ಅದೇ ಬಗೆಯ ಏರಿನಲ್ಲಿ, ಅದೇ ಹೊರೆಯೊಡನೆ, ಅದೇ ಉಷ್ಣತೆಯಲ್ಲಿ ಓಡಿಸಿ ನೋಡಿದ ಹೊರತು ನಿದಾನ ಪೂರ್ಣವಾಯಿತೆನ್ನಲಾಗದು.

ವೃತ್ತಿಯ ಮೇಲಿನ ಪರಿಣಾಮ

ನಮ್ಮ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಗೇರ್‌ಬಾಕ್ಸಿನ ಕೆಲಸದವನು ಬೇರೆ, ವೈರಿಂಗಿನ ಕೆಲಸದವನು ಬೇರೆ; ಒಬ್ಬನಿಗೆ ಸ್ಪ್ಯಾನರು, ಇನ್ನೊಬ್ಬನಿಗೆ ಟೆಸ್ಟ್ ಲ್ಯಾಂಪು. ಗೇರ್‌ಬಾಕ್ಸು ಶುದ್ಧ ಯಂತ್ರವಾಗಿದ್ದ ಕಾಲದಲ್ಲಿ ಈ ವಿಭಜನೆಗೆ ಅರ್ಥವಿತ್ತು. ಈಗಲಾದರೋ ದೋಷವು ಇಬ್ಬರ ಕೆಲಸಗಳ ನಡುವಿನ ಗಡಿಯಲ್ಲಿ ಹುಟ್ಟುವುದರಿಂದ, ಒಬ್ಬನು ಗೇರ್‌ಬಾಕ್ಸನ್ನು ಬಿಚ್ಚಿ ಏನನ್ನೂ ಕಾಣದೆ, ಇನ್ನೊಬ್ಬನು ದೀಪ ಉರಿಯಿತೆಂದು ತಂತಿಯನ್ನು ಒಪ್ಪಿಕೊಂಡು, ನಡುವೆ ಮಾಲೀಕನು ಹಣವನ್ನೂ ಚಾಲಕನು ಬಾಡಿಗೆಯ ದಿನಗಳನ್ನೂ ಕಳೆದುಕೊಳ್ಳುತ್ತಾರೆ. ಓಮನ ನಿಯಮವನ್ನು ಬಲ್ಲ ಗೇರ್‌ಬಾಕ್ಸಿನ ಮೆಕ್ಯಾನಿಕ್ಕನೂ, ಗೇರು ಬೀಳುವ ಕ್ರಮವನ್ನು ಬಲ್ಲ ಎಲೆಕ್ಟ್ರೀಷಿಯನ್ನನೂ ಸಿದ್ಧರಾಗುವಂತೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಈ ಎರಡು ವಿದ್ಯೆಗಳನ್ನು ಒಂದೇ ಮೇಜಿನ ಮೇಲೆ ಕಲಿಸುವುದು ಇಂದಿನ ಅಗತ್ಯ. ಪರೀಕ್ಷೆಯ ಉಪಕರಣಗಳು ಈಗಾಗಲೇ ಅಗ್ಗವಾಗಿ ದೊರೆಯುತ್ತಿರುವಾಗ, ಅವುಗಳನ್ನು ಸರಿಯಾದ ಕ್ರಮದಲ್ಲಿ ಉಪಯೋಗಿಸುವ ಶಿಕ್ಷಣವೊಂದೇ ಇನ್ನು ಒದಗಬೇಕಾಗಿರುವುದು.